ಸೋಮವಾರ ಬರುವ ಗ್ರಹ

ಕೆಂಪಯ್ಯನ ಹೊಟ್ಟೆ ಉರಿಯುತ್ತಿದ್ದುದು ಒಂದು ಟಗರಿನ ಮೇಲೆ. ಟಗರು ಪಕ್ಕದ ಮನೆಯ ಚಿಕ್ಕಬೋರಮ್ಮನದು. ಆದರೆ ಹುಟ್ಟಿದ್ದು ಕೆಂಪಯ್ಯನ ಕೊಟ್ಟಿಗೆಯಲ್ಲಿ, ಅವನದೇ ಕುರಿಗೆ, ಅವಳಿ ಮರಿಗಳಲ್ಲಿ ಎರಡನೆಯದಾಗಿ. ಬೆಕ್ಕಿನ ಮರಿಯಷ್ಟಿತ್ತು, ನಿಲ್ಲಲೂ ಆಗುತ್ತಿರಲಿಲ್ಲ. "ಇದು ಸಂಜೆಗಂಟ ಉಳ್ಯಕಿಲ್ಲ, ಬೇಕಾದ್ರೆ ಮಡಿಕೊ ಅತ್ಗೆ" ಎಂದು ಬುಟ್ಟಿ ಸಮೇತ ಗೋಡೆ ದಾಟಿಸಿದ್ದ. ಬುಟ್ಟಿಯನ್ನು ಮಾತ್ರ ಮಾರನೆಯ ದಿನ ಕೇಳಿ ವಾಪಸು ಪಡೆದ.

ಚಿಕ್ಕಬೋರಮ್ಮ ಅವನಿಗೆ ದಾಯಾದಿ ಅಣ್ಣನ ಹೆಂಡತಿ. ಅಣ್ಣ ತೀರಿಹೋಗಿ ಆರು ವರ್ಷ, ಮಕ್ಕಳಿಲ್ಲ. ಅವಳು ಆ ಮರಿಯನ್ನು ಮಂಚದ ಮಗ್ಗುಲಲ್ಲೇ ಮಲಗಿಸಿಕೊಂಡು, ಬಾಟಲಿಯಲ್ಲಿ ಹಸುವಿನ ಹಾಲು ಕುಡಿಸಿ, ರಾಗಿ ಅಂಬಲಿ ನೆಕ್ಕಿಸಿ ಬದುಕಿಸಿದಳು. ಒಂದೂವರೆ ವರ್ಷಕ್ಕೆ ಅದು ಗಿಡ್ಡ ಕಾಲಿನ, ಅಗಲ ಬೆನ್ನಿನ, ದಾರಿಹೋಕರು ಬೈಕು ನಿಲ್ಲಿಸಿ ನೋಡುವಂಥ ಅಸಲಿ ಬಂಡೂರು ತಳಿಯ ಟಗರಾಗಿ ನಿಂತಿತು. ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದ ಮೇಳದಲ್ಲಿ ಮೊದಲ ಬಹುಮಾನ ಹೊಡೆಯಿತು. ಕೆಂಪಯ್ಯನೂ ತನ್ನ ಟಗರನ್ನು ಕರೆದೊಯ್ದಿದ್ದ. ಅದಕ್ಕೆ ಭಾಗವಹಿಸಿದ್ದಕ್ಕೆಂದು ಒಂದು ಕಾಗದ ಕೊಟ್ಟರು. ಗಾಡಿಗೆ ಕಾಯುವಾಗ ಆ ಕಾಗದವನ್ನು ಟಗರೇ ತಿಂದುಬಿಟ್ಟಿತು.

ಅಂದಿನಿಂದ ಬೆಳಕವಾಡಿ ಮಗ್ಗುಲಿನ ಆ ಸಣ್ಣ ಊರಿನಲ್ಲಿ ಕೆಂಪಯ್ಯನಿಗೆ ನೆಮ್ಮದಿಯಿಂದ ಒಂದು ಟೀ ಕುಡಿಯಲಾಗಲಿಲ್ಲ. "ಏನ್ಲಾ ಕೆಂಪಯ್ಯ, ಚಿನ್ನ ಕೊಟ್ಬುಟ್ಟು ಬುಟ್ಟಿ ಈಸ್ಕೊಂಡಲ್ಲಾ" ಎಂದು ಟೀ ಅಂಗಡಿ ಶಿವಣ್ಣ ದಿನಾ ಒಂದು ಸಲವಾದರೂ ಅನ್ನುತ್ತಿದ್ದ. ಕೆಂಪಯ್ಯ ನ್ಯಾಯವಾಗಿಯೂ ಪ್ರಯತ್ನ ಪಟ್ಟ. ಎರಡು ಕುರಿ ಕೊಡುತ್ತೇನೆ, ಟಗರು ಕೊಡು ಎಂದ. ಚಿಕ್ಕಬೋರಮ್ಮ ನಕ್ಕಳು. "ಸಾಕಿದ್ ಮಗೀನ ಯಾರಾರ ಅದ್ಲುಬದ್ಲು ಮಾಡ್ಕತಾರೇನಪ್ಪ? ಮರಿ ಬೇಕಾದ್ರೆ ನಿನ್ ಕುರಿಗೊಳ್ನ ಇಲ್ಲಿಗೇ ಅಟ್ಕೊಂಡು ಬಾ, ಇದೇನ್ ಬ್ಯಾರೇದಾ?" ಆ ಒಳ್ಳೆಯ ಮಾತು ಅವನಿಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು. ಅವನಿಗೆ ಬೇಕಾಗಿದ್ದುದು ಮರಿಗಳಲ್ಲ, ಆ ಟಗರು. ಬರುವ ಮೇಳದಲ್ಲಿ ಮೈಕಿನಲ್ಲಿ ತನ್ನ ಹೆಸರು ಕೂಗಬೇಕು, ಹಗ್ಗ ತನ್ನ ಕೈಯಲ್ಲಿರಬೇಕು. ಕೊಡದಿದ್ದರೆ ಕದಿಯುವುದು ಎಂದು ತೀರ್ಮಾನಿಸಿದ.

ತೀರ್ಮಾನ ಸುಲಭ, ಕೆಲಸ ಕಷ್ಟ. ಚಿಕ್ಕಬೋರಮ್ಮ ಅರ್ಧ ಗಂಟೆಯೂ ಟಗರನ್ನು ಬಿಟ್ಟು ಹೋಗುವವಳಲ್ಲ. ಅವಳು ಹೋದರೂ ಎಂಬತ್ತು ಮನೆಯ ಕಣ್ಣುಗಳು ಇದ್ದೇ ಇರುತ್ತವೆ. ಮದುವೆಯಿರಲಿ, ಸಾವಿರಲಿ, ಯಾರೋ ಒಬ್ಬರು ಜಗಲಿಯಲ್ಲಿ ಉಳಿದೇ ಉಳಿಯುತ್ತಾರೆ. ಪ್ರಪಂಚ ಮುಳುಗಿದರೆ ಮಾತ್ರ ಈ ಊರು ಖಾಲಿಯಾಗುವುದು ಎಂದು ಬೇಸತ್ತು ಫೋನು ಕೈಗೆತ್ತಿಕೊಂಡ. ಅಲ್ಲಿ ಪ್ರಪಂಚ ಮುಳುಗುವ ವಿಡಿಯೋ ಬಂದು ಕೂತಿತ್ತು.

ಸೂರ್ಯನ ಆಚೆ, ಇಲ್ಲಿಯವರೆಗೆ ಯಾರೂ ಕಾಣದ ಒಂದು ಗ್ರಹವಿದೆಯಂತೆ. ಹೆಸರು ನಿಬಿರು. ಮೂರು ಸಾವಿರದ ಆರುನೂರು ವರ್ಷಕ್ಕೊಮ್ಮೆ ಭೂಮಿಯ ಮಗ್ಗುಲಿಗೆ ಬರುತ್ತದಂತೆ, ಬಂದರೆ ಮುಗಿಯಿತಂತೆ. ವಿಡಿಯೋದವನು ಹೇಳಿದ ತಾರೀಕು ಯಾವತ್ತೋ ಕಳೆದುಹೋಗಿತ್ತು. ಕೆಂಪಯ್ಯನಿಗೆ ಅದು ಕೊರತೆ ಅನ್ನಿಸಲಿಲ್ಲ. ತಾರೀಕು ಖಾಲಿ ಇದೆ ಎಂದರೆ ತಾನೇ ತುಂಬಬಹುದು.

ಅವನು ಆತುರ ಪಡಲಿಲ್ಲ. ಊರಿನ ವಾಟ್ಸಾಪ್ ಗುಂಪಿಗೆ ವಿಡಿಯೋ ಹಾಕಿ, ಕೆಳಗೆ "ಎಲ್ಲಾ ಸುಳ್ಳು, ಯಾರೂ ನಂಬಬೇಡಿ" ಎಂದು ತಾನೇ ಬರೆದ. ಕೆಂಪಯ್ಯ ಸುಳ್ಳು ಎಂದದ್ದು ನಿಜವಿರಲೇಬೇಕೆಂದು ಅರ್ಧ ಊರು ಅಂದೇ ನಂಬಿತು. ಉಳಿದರ್ಧಕ್ಕಾಗಿ ಅವನು ವಿ.ಸಿ. ಫಾರಂಗೆ ಬಸ್ಸು ಹತ್ತಿದ. ಬುತ್ತಿ ಬಿಚ್ಚುತ್ತಿದ್ದ ವಿಜ್ಞಾನಿಯೊಬ್ಬರನ್ನು ಹಿಡಿದು, ಯಾರೂ ನೋಡದ ಗ್ರಹ ಒಂದು ಇದ್ದರೂ ಇರಬಹುದಾ ಸ್ವಾಮಿ ಎಂದು ಕೇಳಿದ. ಅವರು, ನನ್ನ ಕೆಲಸ ರಾಗಿ ಮೇಲಪ್ಪ, ಆದರೆ ಹುಡುಕುತ್ತಿದ್ದಾರೆ ಅಂತ ಓದಿದ್ದೇನೆ, ಇದ್ದರೂ ಇರಬಹುದು ಎಂದು ಸಜ್ಜನಿಕೆಯಿಂದ ಹೇಳಿ ಊಟಕ್ಕೆ ಕೂತರು. ಕೆಂಪಯ್ಯ ಅದನ್ನೇ ತಂದು ಟೀ ಅಂಗಡಿಯಲ್ಲಿ ಇಟ್ಟ. ಒಂದಕ್ಷರ ಸೇರಿಸಲಿಲ್ಲ, ರಾಗಿಯ ಮಾತನ್ನು ಮಾತ್ರ ಬಿಟ್ಟ.

"ಗ್ರಾ ಒಂಬತ್ತು ಅವ್ವಲ್ಲಾ, ಇನ್ನೊಂದು ಎಲ್ಲಿಂದ ಬತ್ತದ್ಲಾ?" ಎಂದು ಶಿವಣ್ಣ ಅನುಮಾನ ತೆಗೆದ.

"ಅದೇ ಕಣಣ್ಣ ಇಸ್ಯ," ಎಂದ ಕೆಂಪಯ್ಯ, ದನಿ ತಗ್ಗಿಸಿ. "ಒಂಬತ್ತಕ್ಕೂ ಗುಡೀಲಿ ಕಲ್ಲದೆ, ಎಣ್ಣೆ ಅದೆ, ಪೂಜೆ ಅದೆ. ಅತ್ತನೇದುಕ್ಕೆ ಏನದೆ ಯೋಳು? ಒಂದ್ ಬತ್ತಿ ಅಚ್ಚೋರಿಲ್ಲ. ಸಿಟ್ಟು ಬರ್ದೆ ಇದ್ದದಾ?"

ಶಿವಣ್ಣನ ಒಲೆಯ ಮೇಲೆ ಹಾಲು ಉಕ್ಕಿಹೋಯಿತು. ಮೂರು ಸಾವಿರ ವರ್ಷದಿಂದ ಪೂಜೆಯಿಲ್ಲದೆ ಅಲೆಯುತ್ತಿರುವ ಗ್ರಹದ ಸಿಟ್ಟು ಎಂಥದಿರಬಹುದೆಂದು ಎಲ್ಲರಿಗೂ ಗೊತ್ತಾಯಿತು. ಮಾರನೆಯ ದಿನ ನವಗ್ರಹದ ಕಟ್ಟೆಯ ತುದಿಯಲ್ಲಿ ಯಾರೋ ಒಂದು ಹೊಸ ಕಲ್ಲಿಟ್ಟು ಕುಂಕುಮ ಹಚ್ಚಿದ್ದರು.

ಅಲ್ಲಿಂದ ಮುಂದೆ ನಂಬಿಸಲು ಕೆಂಪಯ್ಯ ಕೈ ಹಾಕುವ ಅಗತ್ಯವೇ ಬರಲಿಲ್ಲ. ಸುಳ್ಳು ತನ್ನಷ್ಟಕ್ಕೆ ಮೇಯ್ದು ಕೊಬ್ಬಿತು. ಗ್ರಹ ಹಣ್ಣಾದ ಟೊಮೇಟೊ ಬಣ್ಣದ್ದೆಂದು ಯಾರೋ ಅವನಿಗೇ ಹೇಳಿದರು. ಹಲಗೂರಿನ ಕಡೆ ಕಾಗೆಗಳು ಆಗಲೇ ಊರು ಬಿಟ್ಟವೆಂದು ಅವನ ಹೆಂಡತಿ ಪಟ್ಟಲಮ್ಮ ಹೇಳಿದಳು. ಒಂದು ದಿನ ಹೊಲದಲ್ಲಿ ನಿಂತಿದ್ದಾಗ ಕೆಂಪಯ್ಯನೇ ಕಣ್ಣಿಗೆ ಕೈ ಅಡ್ಡ ಹಿಡಿದು ಆಕಾಶ ನೋಡಿ, ಆಮೇಲೆ ತನ್ನನ್ನೇ ಬೈದುಕೊಂಡ.

ಈಗ ಕಟ್ಟಳೆಗಳು. ಅವನ್ನು ಕೆಂಪಯ್ಯನೇ ಒಂದೊಂದಾಗಿ ಹೊಸೆದು ಟೀ ಅಂಗಡಿಯಲ್ಲಿ ಹೇಳುತ್ತ ಬಂದ. ಗ್ರಹ ಹಾಯುವಾಗ ಕಾವೇರಿ ಉಕ್ಕುತ್ತದೆ, ಆದ್ದರಿಂದ ಊರೆಲ್ಲ ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಬಸಪ್ಪನ ಗುಡ್ಡ ಹತ್ತಬೇಕು, ಎರಡು ಗಂಟೆಯವರೆಗೆ ಇಳಿಯಬಾರದು. ಮನೆಯಲ್ಲಿ ಒಬ್ಬರೂ ಉಳಿಯಬಾರದು, ಚಾವಣಿ ಬೀಳುತ್ತದೆ. ನಾಲ್ಕು ಕಾಲಿನದು ಯಾವುದೂ ಗುಡ್ಡ ಹತ್ತಬಾರದು, ಪ್ರಾಣಿಯ ಉಸಿರಿಗೆ ಗ್ರಹ ಕೆಳಗಿಳಿಯುತ್ತದೆ. ಈ ಕೊನೆಯದನ್ನು ಹೊಸೆದ ದಿನ ಕೆಂಪಯ್ಯ ತನ್ನ ಬುದ್ಧಿಗೆ ತಾನೇ ಮೆಚ್ಚಿ ಎರಡು ಟೀ ಕುಡಿದ.

ಉಳಿದದ್ದು ವಾರ. ಇಲ್ಲಿ ಅವನು ಎರಡು ದಿನ ತಲೆ ಕೆಡಿಸಿಕೊಂಡ, ಏಕೆಂದರೆ ಅವನಿಗೆ ತನ್ನ ಜನದ ನಾಲಿಗೆ ಗೊತ್ತಿತ್ತು. ಇವತ್ತೇ ಕೊನೆ ಎಂದರೆ ಈ ಊರಿನವರು ಅಳುವುದಕ್ಕೂ ಮೊದಲು ಬಾಡೂಟದ ಮಾತೆತ್ತುತ್ತಾರೆ. ಬಾಡೂಟ ಎಂದಮೇಲೆ ಎಲ್ಲರ ಕಣ್ಣು ಬೀಳುವುದು ಆ ಬಂಡೂರು ಟಗರಿನ ಮೇಲೆಯೇ. ಮಂಗಳವಾರ, ಶುಕ್ರವಾರ ಇಟ್ಟರೆ ಅಮ್ಮನ ಹೆಸರಲ್ಲಿ ಕತ್ತಿ ಎತ್ತಿಬಿಟ್ಟಾರು. ಸೋಮವಾರ ಇಟ್ಟರೆ? ಸೋಮವಾರ ಶಿವನ ವಾರ. ಇಡೀ ಊರಿನಲ್ಲಿ ಒಂದು ಮೊಟ್ಟೆ ಕೂಡ ಒಡೆಯುವುದಿಲ್ಲ. ಸಾಯುವ ದಿನ ವಾರ ಕೆಡಿಸಿಕೊಂಡು ಶಿವನ ಮುಂದೆ ನಿಲ್ಲುವ ಧೈರ್ಯ ಯಾರಿಗಿದೆ? ಟಗರು ಕ್ಷೇಮ. ಹೀಗೆ ಹತ್ತನೇ ಗ್ರಹ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಬರುವುದೆಂದು ನಿಶ್ಚಯವಾಯಿತು.

ಆಮೇಲಿನದಕ್ಕೂ ಸಿದ್ಧತೆಯಿತ್ತು. ಹಲಗೂರಿನಲ್ಲಿ ಗೂಡ್ಸ್ ಆಟೋ ಇಟ್ಟುಕೊಂಡಿದ್ದ ನಾಗರಾಜು ಎಂಬವನನ್ನು, ಮೊದಲ ಮರಿ ನಿನಗೇ ಎಂದು ಒಪ್ಪಿಸಿದ್ದ. ನಾಗರಾಜುವಿನ ಶೆಡ್ಡಿನಲ್ಲಿ ಟಗರಿಗೆ ಗೂಟ, ಮೇವು, ಮುಖದ ಕಂದು ಮಚ್ಚೆ ಬದಲಿಸಲು ಗೋರಂಟಿ, ಎಲ್ಲ ಅಣಿಯಾಗಿತ್ತು. ಊರಿನವರು ಗುಡ್ಡದಿಂದಿಳಿದು ಟಗರೆಲ್ಲಿ ಎಂದರೆ, ಗ್ರಹದ ಸೆಳೆತಕ್ಕೆ ಹಗ್ಗ ಸಮೇತ ಮೇಲೆ ಹೋಯಿತು ಎನ್ನುವುದು. ಒಂದು ಟಗರಿಗೆ ಊರೇ ಉಳಿಯಿತು ಎಂದು ಎಲ್ಲರೂ ಕೈ ಮುಗಿದಾರು.

ಶನಿವಾರ ಸಂಜೆ, ಕೊನೆಯದಾಗಿ ಮನೆದೇವರ ಮುಖ ನೋಡಿಕೊಂಡು ಸೋಮವಾರ ನೇರ ಗುಡ್ಡಕ್ಕೇ ಬರುತ್ತೇನೆ ಎಂದು ಪಟ್ಟಲಮ್ಮನಿಗೆ ಹೇಳಿ ಹೊರಟ. ಅವಳು ಕಣ್ಣೀರು ಹಾಕಿದಳು. ಫೋನು ಎಲ್ಲಿತ್ತೆಂದು ಆಮೇಲೆ ಯಾರಾದರೂ ಪತ್ತೆ ಮಾಡಿಯಾರು ಎಂದು ಬಸ್ಸು ಹತ್ತುವ ಮೊದಲೇ ಅದನ್ನು ಆರಿಸಿದ. ಭಾನುವಾರವಿಡೀ ನಾಗರಾಜುವಿನ ಶೆಡ್ಡಿನಲ್ಲಿ ಹಗ್ಗ ಹೊಸೆಯುತ್ತ ಕಳೆದ.

ಸೋಮವಾರ ಹನ್ನೊಂದೂವರೆಗೆ ಗೂಡ್ಸ್ ಆಟೋ ಊರಿನ ಓಣಿಗೆ ಬಂದಾಗ ಕೆಂಪಯ್ಯನ ಎದೆ ಹಿಗ್ಗಿತು. ಒಂದು ನರಪಿಳ್ಳೆ ಇಲ್ಲ. ಟೀ ಅಂಗಡಿಯ ಬಾಗಿಲೂ ಹಾಕಿತ್ತು. ದೂರದ ಗುಡ್ಡದ ಮೇಲಿಂದ ಭಜನೆ ಸಣ್ಣಗೆ ಕೇಳುತ್ತಿತ್ತು. ನಾಗರಾಜುವನ್ನು ಓಣಿಯಲ್ಲೇ ನಿಲ್ಲಿಸಿ, ಹೆಗಲಿಗೆ ಹೊಸ ಹಗ್ಗ, ಕೈಯಲ್ಲಿ ಒಂದು ಹಿಡಿ ಹಸಿ ಹುರುಳಿ ಸೊಪ್ಪು ಹಿಡಿದು, ಚಿಕ್ಕಬೋರಮ್ಮನ ಹಿತ್ತಲಿಗೆ ಕಾಲಿಟ್ಟ.

ಗೂಟವಿತ್ತು. ಟಗರಿರಲಿಲ್ಲ. ಹಳೆಯ ಹಗ್ಗವನ್ನು ಯಾರೋ ಒಪ್ಪವಾಗಿ ಸುತ್ತಿ ಗೂಟಕ್ಕೆ ನೇತುಹಾಕಿದ್ದರು. ಕೆಂಪಯ್ಯ ಗೂಟದ ಸುತ್ತ ಒಂದು ಸುತ್ತು ಬಂದ. ತನಗಿಂತ ಮೊದಲೇ ಯಾರೋ ಕದ್ದುಬಿಟ್ಟಿದ್ದಾರೆ! ಪ್ರಪಂಚ ಮುಳುಗುವ ಹೊತ್ತಿನಲ್ಲೂ ಇಂಥ ಕೆಲಸ ಮಾಡುವ ಜನರಿದ್ದಾರಲ್ಲ ಎಂದು ಅವನಿಗೆ ನಿಜವಾಗಿ ಹೇಸಿಗೆಯಾಯಿತು.

"ಯಾರಪ್ಪ ಅದು, ಕೆಂಪಯ್ಯನಾ?"

ಚಿಕ್ಕಬೋರಮ್ಮ ಹಿತ್ತಲ ಬಾಗಿಲಲ್ಲಿ ಕೂತಿದ್ದಳು. ಅತ್ತು ಮುಖ ಊದಿತ್ತು.

"ಅತ್ಗೆ! ನೀನ್ಯಾಕೆ ಗುಡ್ಡಕ್ಕೋಗ್ಲಿಲ್ಲ?" ಎಂದ ಕೆಂಪಯ್ಯ, ಸೊಪ್ಪನ್ನು ಮುಂದೆ ಹಿಡಿದು. "ನಾನು... ನಿನ್ ಟಗರು ಒಂಟಿಯಾಗಿ ಎದ್ರಿಕೊಂಡಿರ್ತದೆ ಅಂತ, ಸೊಪ್ ಕೊಟ್ಟು ಓಗಣ ಅಂತ ಬಂದೆ."

"ಅಣ್ಣೋ!" ಎಂದು ಓಣಿಯಿಂದ ನಾಗರಾಜು ಕೂಗಿದ. "ಟಗರು ಇಡ್ಕೊಂಡಾ? ಇಂದ್ಲ ಬಾಗ್ಲು ತೆಗ್ದು ರೆಡಿ ಮಾಡಿವ್ನಿ, ಬಿರ್ನೆ ತತ್ತಾ!"

ಚಿಕ್ಕಬೋರಮ್ಮ ಅವನ ಹೆಗಲ ಮೇಲಿನ ಹೊಸ ಹಗ್ಗವನ್ನು ನೋಡಿದಳು, ಕೈಯಲ್ಲಿದ್ದ ಸೊಪ್ಪನ್ನು ನೋಡಿದಳು. ಕೆಂಪಯ್ಯನಿಗೆ ಕೇಳದೆ ಇರಲಾಗಲಿಲ್ಲ. "ಟಗರೆಲ್ಲಿ ಅತ್ಗೆ?"

"ನೆನ್ನೆ ಬಾನ್ವಾರ ಅಲ್ವೇನಪ್ಪ," ಎಂದಳು ಚಿಕ್ಕಬೋರಮ್ಮ. "ಸ್ವಾಮಾರ ಸಾಯದಾದ್ರೆ ಬಾಡು ತಿನ್ನಕೆ ಬಾನ್ವಾರ್ವೇ ಕೊನೆ ಅಂತ ಊರೋರೆಲ್ಲ ಬಂದು ನಿಂತ್ರು. ನಾಕ್ ಕಾಲಿಂದು ಗುಡ್ಡ ಅತ್ತಂಗಿಲ್ಲ ಅಂತ ನೀನೇ ಯೋಳಿದ್ದೆ. ಒಂಟಿಯಾಗಿ ಕಟ್ಟಾಕಿ ನೀರ್ಗೆ ಬುಟ್ಟೋಗಕೆ ನಂಗೆ ಮನ್ಸು ಬರ್ಲಿಲ್ಲ, ಊ ಅಂದ್ಬುಟ್ಟೆ. ಬಾಡ್ನ ಎಂಬತ್ತು ಗುಡ್ಡೆ ಆಕಿ ಮನೆಗೊಂದು ಅಂಚುದ್ರು. ನಾನು ಬಾಯ್ಗಿಕ್ಲಿಲ್ಲ, ಗುಡ್ಡಕ್ಕೋಗಕೂ ಮನ್ಸಾಗ್ಲಿಲ್ಲ. ಗ್ರಾದ ಇಸ್ಯ ಮೊದ್ಲು ತಿಳ್ಸಿದೋನು ನೀನು ಅಂತ ನಿಮ್ಮನೆ ಪಾಲ್ಗೆ ತಲೇನೂ ಸೇರ್ಸಿ ಕೊಟ್ಟವ್ರೆ. ಪಟ್ಟಲಮ್ಮ ಸಾರು ಮಾಡಿ ನಿಂಗೆ ಅಂತ ಎತ್ತಿಟ್ಟವ್ಳೆ, ಪೋನು ಮಾಡಿ ಮಾಡಿ ಸಾಕಾದ್ಲು. ಇವತ್ತು ತಿನ್ನಂಗಿಲ್ಲ, ಉಳುದ್ರೆ ನಾಳೆ ತಿನ್ನೀಯಂತೆ." ಅವಳು ಮೊಣಕಾಲು ಹಿಡಿದು ಎದ್ದು, ಹೆಗಲಿನಿಂದ ಜಾರಿದ ಅವನ ಹಗ್ಗದ ತುದಿಯನ್ನು ಟಗರನ್ನು ಹಿಡಿಯುವಂತೆಯೇ ಮೆಲ್ಲಗೆ ಹಿಡಿದುಕೊಂಡಳು. "ಆಟೋದೋನ್ನೂ ಕರಿ. ನಡಿ, ಗುಡ್ಡಕ್ಕೋಗವ. ಎಂದೂ ಇಲ್ದಂಗೆ ಊರೋರೆಲ್ಲ ಒಂದೇ ತಾವು ಸೇರವ್ರೆ, ಎರಡು ಗಂಟೆಗಂಟ ಯಾರೂ ಇಳ್ಯಕಿಲ್ಲ. ಈ ಅಗ್ಗ ಯಾಕೆ ತಂದೆ ಅಂತ ಅವ್ರ ಮುಂದೇನೇ ಯೋಳೀಯಂತೆ."