ಕುರ್ಡಿಯ ಕೆಂಪು ಬೋರ್ಡು

ಮಾರ್ಚ್ ಹನ್ನೊಂದರ ಬೆಳಿಗ್ಗೆ ಅನಿಲಕುಮಾರ ರಾಯಚೂರಿನ ಸೈಬರ್ ಠಾಣೆಗೆ ದೂರು ತಂದ. ದೇವದುರ್ಗ, ಮಾನ್ವಿ ತಾಲ್ಲೂಕುಗಳಲ್ಲಿ ಕುಡಿಯುವ ನೀರಿನ ಘಟಕ ನಡೆಸುವ ಖಾಸಗಿ ಕಂಪನಿಯೊಂದಕ್ಕೆ ಆತ ವ್ಯವಸ್ಥಾಪಕ.

"ನಮ್ಮ ಸರ್ವರ್ ಹ್ಯಾಕ್ ಮಾಡ್ಯಾರ್ರಿ. ಎಲ್ಲಾ ಘಟಕದ ಬೋರ್ಡೂ ಕೆಂಪಾಗ್ಯಾವ. ನೀರು ಕುಡೀಬ್ಯಾಡ್ರಿ ಅಂತ ತೋರಿಸಾಕತ್ತಾವ."

"ನೀರು ಹ್ಯಾಂಗದ?" ಇನ್‌ಸ್ಪೆಕ್ಟರ್ ಅನುರಾಧಾ ಕೇಳಿದರು.

"ಭೇಷ್ ಅದ್ರಿ."

ಐಟಿ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಅನುರಾಧಾ ಕಾನ್‌ಸ್ಟೇಬಲ್ ಜಂಬಣ್ಣನನ್ನು ಮಾನ್ವಿ ಕಡೆಯ ಕುರ್ಡಿಗೆ ಕಳಿಸಿ, ಪಂಚರ ಎದುರು ನೀರಿನ ಮಾದರಿ ತುಂಬಿಸಿ ಪ್ರಯೋಗಾಲಯಕ್ಕೆ ಕೊಡಿಸಿದರು. ತಾವು ಕಂಪನಿಯ ಸರ್ವರ್ ಕೋಣೆಗೆ ಹೋದರು.

ಹೊರಗಿನಿಂದ ಯಾರೂ ನುಗ್ಗಿರಲಿಲ್ಲ. ಒಂದೇ ಸರ್ವರ್‌ನೊಳಗೆ ಬೇರೆ ಬೇರೆ ಕಂಪ್ಯೂಟರುಗಳಂತೆ ನಡೆಯುವ ಎರಡು ವರ್ಚುವಲ್ ಯಂತ್ರಗಳಿದ್ದವು. ಒಂದು ಘಟಕಗಳಿಂದ ಫ್ಲೋರೈಡ್ ಅಳತೆ ಪಡೆಯುತ್ತಿತ್ತು, ಇನ್ನೊಂದು ಬೋರ್ಡುಗಳಿಗೆ ಅಂಕಿ ಕಳಿಸುತ್ತಿತ್ತು. ನಡುವಿನ ದಾರಿಯಲ್ಲಿ ಕಂಪನಿಯೇ ಕೂರಿಸಿದ್ದ ಪ್ರೋಗ್ರಾಂ ಹೆಚ್ಚಾದ ಅಂಕಿಯನ್ನೆಲ್ಲ ಇಳಿಸಿ ಮುಂದಕ್ಕೆ ಬಿಡುತ್ತಿತ್ತು. ಈಗ ಅಳತೆಗಳು ಆ ದಾರಿ ಹಿಡಿಯುತ್ತಲೇ ಇರಲಿಲ್ಲ. ಎರಡೂ ಯಂತ್ರಗಳಿಗೆ ಮೆಮೊರಿಯ ಒಂದೇ ತುಣುಕನ್ನು ಯಾರೋ ಹಂಚಿಕೊಟ್ಟಿದ್ದರು. ಹಾಗೆ ಮಾಡಲು ಬೇಕಾದ ಪಾಸ್‌ವರ್ಡ್ ಇದ್ದದ್ದು ಕಂಪನಿಯ ಎಂಜಿನಿಯರ್ ಹುಮೇರಾಳ ಬಳಿ ಮಾತ್ರ.

ಠಾಣೆಗೆ ಕರೆದಾಗ ಆಕೆ ತಾನಾಗಿಯೇ ಬಂದಳು.

"ನೀವೇ ಮಾಡಿದ್ರೇನು?"

"ನಾನೇ ರೀ."

"ಹ್ಯಾಂಗ?"

"ಎರಡು ಮನಿ ನಡುವಿನ ಗ್ವಾಡಿಗೆ ಕಿಂಡಿ ಕೊರೆದಂಗ. ಈ ಮನಿಯವರು ಇಟ್ಟದ್ದು ಆ ಮನಿಯವರಿಗೆ ನೇರ ಸಿಗ್ತದ. ನಕಲು ಬ್ಯಾಡ, ನಡುವ ಯಾರ ಕೈಯೂ ಇರಂಗಿಲ್ಲ. ಕ್ಯಾಮೆರಾದ ದೊಡ್ಡ ಚಿತ್ರ ಜಲ್ದಿ ದಾಟಿಸಾಕ ಎಲ್ಲಾರೂ ಬಳಸ್ತಾರ. ನಾ ನೀರಿಗೆ ಬಳಸಿದೆ."

"ಕಂಪನಿ ಅನುಮತಿ?"

"ಇಲ್ಲ. ಅದಕ್ಕ ಹಿಡೀತೀರಿ ಅಂದ್ರ ಹಿಡೀರಿ. ಆದ್ರ ಒಂದು ಅಂಕಿನೂ ನಾ ಬರೆದಿಲ್ಲ. ನೀರಾಗ ಇದ್ದದ್ದನ್ನೇ ಬೋರ್ಡು ಹೇಳಾಕತ್ತದ."

ಮರುದಿನ ಪ್ರಯೋಗಾಲಯದ ವರದಿ ಬಂತು. ಕುರ್ಡಿಯ ನೀರಿನಲ್ಲಿ ಫ್ಲೋರೈಡ್ ಮಿತಿಯ ಎರಡು ಪಟ್ಟಿತ್ತು. ಬೋರ್ಡು ತೋರಿಸುತ್ತಿದ್ದದ್ದೂ ಅಷ್ಟೇ.

"ಮೊದಲು ಆ ಬೋರ್ಡ್ ಬಂದ್ ಮಾಡಿಸ್ರಿ ಮೇಡಂ," ಅನಿಲಕುಮಾರ ಅವಸರ ಮಾಡಿದ.

"ಅವು ಸಾಕ್ಷ್ಯ. ಪಂಚನಾಮೆ ಒಳಗ ಸೇರ್‍ಯಾವ. ಕೋರ್ಟ್ ಹೇಳೋತನಕ ಯಾರೂ ಮುಟ್ಟಂಗಿಲ್ಲ," ಎಂದರು ಅನುರಾಧಾ. "ಇನ್ನೊಂದು ಎಫ್‌ಐಆರ್ ಬರೆಸಾಕತ್ತೀನಿ. ಅದರಾಗ ನಿಮ್ಮ ಹೆಸರದ."

ಸಂಜೆ ಹುಮೇರಾಳ ಬಂಧನ ದಾಖಲಾಯಿತು. ಯಾಕೆ ಮಾಡಿದೆ ಎಂಬುದನ್ನು ಆಕೆ ನಿಧಾನವಾಗಿ ಹೇಳಿದಳು. ಜನವರಿಯಲ್ಲಿ ರಿಪೇರಿಗೆಂದು ಕುರ್ಡಿಗೆ ಹೋಗಿದ್ದಾಗ ಕರೆಮ್ಮ ಎಂಬ ಮುದುಕಿ ಕೊಡ ಹಿಡಿದು ಬಂದಿದ್ದಳು. "ನನಗ ಓದಾಕ ಬರಂಗಿಲ್ಲ ಯವ್ವಾ, ಬೋರ್ಡ್ ಏನಂತದ?" ನಿಜವಾದ ಅಳತೆ ಗೊತ್ತಿದ್ದೂ ಹುಮೇರಾ, ಬೋರ್ಡಿನಲ್ಲಿದ್ದಂತೆ, ನೀರು ಚಲೋ ಅದ ಎಂದು ಓದಿ ಹೇಳಿದ್ದಳು. ಕರೆಮ್ಮ ಅಲ್ಲೇ ಬೊಗಸೆಯೊಡ್ಡಿ ಹೊಟ್ಟೆ ತುಂಬ ಕುಡಿದಳು. ಆ ಮೇಲೆ ಹುಮೇರಾ, ಬೋರ್ಡು ಸುಳ್ಳು ತೋರಿಸುತ್ತಿದೆ ಎಂದು ಮೇಲಿನವರಿಗೆ ಮೂರು ಸಲ ಹೇಳಿದಳು. ಯಾರೂ ಕೇಳಲಿಲ್ಲ.

ಜಂಬಣ್ಣ ಬರೆದ ಹಾಳೆಯ ಮೇಲೆ 'ತಪ್ಪೊಪ್ಪಿಗೆ' ಎಂದಿತ್ತು. ಹುಮೇರಾ ಪೆನ್ನು ಕೆಳಗಿಟ್ಟಳು. ಆತ ಅದನ್ನು ಹೊಡೆದುಹಾಕಿ 'ಹೇಳಿಕೆ' ಎಂದು ತಿದ್ದಿದ ಮೇಲಷ್ಟೇ ಆಕೆ ಸಹಿ ಹಾಕಿದಳು.