ನಾಲ್ಕು ಗಂಟೆಯ ಸಹಿ

"ಯಾರ್ರೀ ಅದು? ಕೈ ತೊಳೀದೆ ಅಜ್ಜನ್ನ ಮುಟ್ಟಬೇಡಿ!"

ಹಿರಿಯರ ಆರೈಕೆ ಕೇಂದ್ರದ ಹಿರಿಯ ದಾದಿ ಬಾಗಿಲಲ್ಲೇ ನಿಂತು ಗದರಿದಳು. ಹಾಸಿಗೆ ಹಿಡಿದವರ ವಾರ್ಡಿನ ಮೂರನೆಯ ಮಂಚದ ಮೇಲೆ ಬಾಗಿದ್ದ ಆಗಂತುಕನು ಸಿಕ್ಕಿಬಿದ್ದವನಂತೆ ಕೈಯನ್ನು ಹಿಂದಕ್ಕೆಳೆದುಕೊಂಡನು. ನಲವತ್ತು ದಾಟಿದ ವಯಸ್ಸು. ಕಿವಿಯ ಪಕ್ಕದಲ್ಲಿ ನಾಲ್ಕಾರು ನರೆಗೂದಲು. ಅಜ್ಜನ ಮಗನೇ ಇರಬೇಕೆಂದು ಅವಳು ತೀರ್ಮಾನಿಸಿಬಿಟ್ಟಳು.

"ಮೂರು ತಿಂಗಳು ಈ ಕಡೆ ತಲೆ ಹಾಕಿಲ್ಲ. ಇವತ್ತು ನೆನಪಾಯ್ತಾ ಅಪ್ಪ?"

ಆತ ಮೂಲೆಯ ನಲ್ಲಿಗೆ ಹೋಗಿ, ಬೆರಳ ಸಂದುಗಳನ್ನೂ ಬಿಡದೆ ಸೋಪು ಹಚ್ಚಿ ತೊಳೆದು ಬಂದನು.

"ಕೈ ತೊಳೀದೆ ಬಂದವರನ್ನ ತಡೀತಾರಾ ಅನ್ನೋದೇ ನನ್ನ ಮೊದಲನೇ ಪ್ರಶ್ನೆ, ಸಿಸ್ಟರ್. ಐದಕ್ಕೆ ಐದು. ನಾನು ತಪಾಸಣೆಗೆ ಬಂದಿರೋನು."

ಅವಳ ಕಿವಿಯ ತುದಿಯವರೆಗೂ ಕೆಂಪೇರಿತು. ಮೊದಲನೆಯ ಮಂಚದಿಂದ ಟೀಚರಮ್ಮ ಕಿಸಕ್ಕೆಂದು ನಕ್ಕರು. ಮೂವತ್ತು ವರ್ಷ ಪಾಠ ಹೇಳಿದ ಆಕೆಯ ಕಾಲುಗಳು ಸೋತಿದ್ದವು, ನಾಲಿಗೆ ಸೋತಿರಲಿಲ್ಲ.

"ಬೈಗುಳಕ್ಕೂ ಅಂಕ ಇದ್ಯೇನಪ್ಪಾ ನಿನ್ನ ಪಟ್ಟೀಲಿ?"

"ಇದ್ದಿದ್ರೆ ಅದಕ್ಕೂ ಪೂರ್ತಿ ಕೊಡ್ತಿದ್ದೆ, ಅಮ್ಮ."

ತಪಾಸಣೆ ಮೂರು ದಿನಗಳದು. ಅಂಕ ಸಾಲದೆ ಹೋದರೆ ಈ ವಾರ್ಡಿಗೆ ಬೀಗ. ಹನ್ನೆರಡು ಜೀವಗಳು ಹನ್ನೆರಡು ದಿಕ್ಕಿಗೆ. ಮದುವೆಯ ಮಾತು ಬಂದಾಗಲೆಲ್ಲ ಡ್ಯೂಟಿಯ ನೆಪ ಹೇಳುತ್ತ ಮೂವತ್ತೆಂಟು ದಾಟಿದ ದಾದಿಗೆ ಈ ಹನ್ನೆರಡು ಮಂದಿಯೇ ಮನೆಯಾಗಿದ್ದರು.

ಆದರೂ ಆತ ನೋಡುವ ರೀತಿ ಅವಳಿಗೆ ಹಿಡಿಸಿತು. ಗೋಡೆಯ ಬಣ್ಣ ನೋಡಲಿಲ್ಲ, ಅಜ್ಜಿಯರ ಉಗುರು ನೋಡಿದನು. ಗಂಜಿಯ ಬಿಸಿಯನ್ನು ಅವಳು ಮುಂಗೈಯ ಮೇಲೆ ತೊಟ್ಟಿಕ್ಕಿಸಿ ಪರೀಕ್ಷಿಸುವುದನ್ನೂ, "ಅಜ್ಜಾ, ಈಗ ತಿರುಗಿಸ್ತೀನಿ" ಎಂದು ಹೇಳಿದ ಮೇಲೆಯೇ ಮೈ ಮುಟ್ಟುವುದನ್ನೂ ಗಮನಿಸಿ ಬರೆದುಕೊಂಡನು. ಬರೆಯುತ್ತಿದ್ದ ಪೆನ್ನು ಆಗಾಗ ನಿಲ್ಲುತ್ತಿತ್ತು. ನೋಟ ಮಾತ್ರ ಅವಳ ಮೇಲೆಯೇ ಉಳಿಯುತ್ತಿತ್ತು. ಅವಳು ತಲೆಯೆತ್ತಿದೊಡನೆ ಆತನಿಗೆ ಫ್ಯಾನಿನ ರೆಕ್ಕೆಗಳನ್ನು ಎಣಿಸುವ ತುರ್ತು ಕೆಲಸ ಬಂದುಬಿಡುತ್ತಿತ್ತು.

"ಮೂರೇ ಇರೋದು, ಸರ್," ಎಂದಳು ಒಮ್ಮೆ.

"ಖಚಿತ ಮಾಡ್ಕೊಳ್ತಿದ್ದೆ."

"ಮದುವೆ ಆಗಿದ್ಯೇನಪ್ಪಾ?" ಎಂದು ಟೀಚರಮ್ಮ ನೇರವಾಗಿ ಕೇಳಿಯೇಬಿಟ್ಟರು.

"ಇಲ್ಲ, ಅಮ್ಮ. ತಪ್ಪು ಹುಡುಕೋ ಕೆಲಸದವನಿಗೆ ಯಾರು ಹೆಣ್ಣು ಕೊಡ್ತಾರೆ?"

ದಾದಿ ನಗುವನ್ನು ನುಂಗಿಕೊಂಡು ಮಡಿಸಿದ್ದ ಹೊದಿಕೆಯನ್ನೇ ಮತ್ತೊಮ್ಮೆ ಮಡಿಸಿದಳು.

ಎರಡನೆಯ ದಿನ ಮಧ್ಯಾಹ್ನ ಆತನ ಪೆನ್ನು ಬೇರೆ ಕಾರಣಕ್ಕೆ ನಿಂತಿತು. ಹಾಸಿಗೆಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಮಂಚಕ್ಕೆ ತೂಗುಹಾಕಿದ ಹಾಳೆಯಲ್ಲಿ ಸಹಿ ಹಾಕಬೇಕು. ಗಡಿಯಾರದಲ್ಲಿ ಎರಡೂವರೆ. ಹಾಳೆಯಲ್ಲಿ ನಾಲ್ಕು ಗಂಟೆಯ ಸಹಿ ಆಗಲೇ ಬಿದ್ದಿತ್ತು!

"ಸಿಸ್ಟರ್, ಇನ್ನೂ ನಾಲ್ಕಾಗಿಲ್ಲ."

"ಬೆಳಿಗ್ಗೇನೇ ಎಲ್ಲಾ ಹಾಕಿಬಿಡ್ತೀನಿ, ಸರ್. ಆಮೇಲೆ ಕೈ ಬಿಡುವಿರಲ್ಲ. ಹಾಳೆ ಬಿಡಿ, ಬೆನ್ನು ನೋಡಿ. ಒಂದೇ ಒಂದು ಹುಣ್ಣು ತೋರಿಸಿ, ಇವತ್ತೇ ಕೆಲಸ ಬಿಡ್ತೀನಿ."

ಆತ ಹನ್ನೆರಡು ಬೆನ್ನುಗಳನ್ನೂ ನೋಡಿದನು. ಒಂದು ಗೀರೂ ಇರಲಿಲ್ಲ.

"ಬೆನ್ನಿಗೆ ಪೂರ್ತಿ ಅಂಕ," ಎಂದ ಆತನ ಧ್ವನಿ ತಗ್ಗಿತ್ತು. "ಹಾಳೆಗೆ ಸೊನ್ನೆ."

"ಸೊನ್ನೆನಾ? ಎರಡು ದಿನ ನಮ್ಮ ಜೊತೇಲೇ ಇದ್ದು, ಎಲ್ಲಾ ಕಣ್ಣಾರೆ ನೋಡಿ... ಇಷ್ಟು ಕಲ್ಲುಮನಸ್ಸಾ ನಿಮಗೆ?"

ಆತ ಕಡತ ಮುಚ್ಚಿಕೊಂಡು ಹೊರಟುಹೋದನು.

ಅಂದು ನಾಲ್ಕಕ್ಕೆ ಉಳಿದವರನ್ನು ತಿರುಗಿಸಿ ಅಜ್ಜನ ಬಳಿ ಬರುವಷ್ಟರಲ್ಲಿ ಅಜ್ಜಿಯೊಬ್ಬರಿಗೆ ಕೆಮ್ಮು ಹತ್ತಿ, ದಾದಿ ಅವರ ಬಳಿಯೇ ಕುಳಿತಳು. ಐದಕ್ಕೆ ಮೂರನೆಯ ಮಂಚಕ್ಕೆ ಬಂದರೆ ಅಜ್ಜ ಎರಡು ಗಂಟೆಯ ಮಗ್ಗುಲಲ್ಲೇ ಮಲಗಿದ್ದರು. ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಾಗಿತ್ತು.

"ನಾಲ್ಕಕ್ಕೆ ಯಾಕೆ ತಿರುಗಿಸಲಿಲ್ಲ?" ಎಂದು ವಾರ್ಡಿನ ಸಹಾಯಕಿಯನ್ನು ಕೇಳಿದಳು.

"ನಿಮ್ಮ ಸಹಿ ಇತ್ತಲ್ಲ, ಸಿಸ್ಟರ್. ಆಗಿದೆ ಅಂದ್ಕೊಂಡೆ."

ದಾದಿ ಅಜ್ಜನನ್ನು ಮೆಲ್ಲನೆ ತಿರುಗಿಸಿ, ಕೆಂಪಾದ ಜಾಗಕ್ಕೆ ಭಾರ ಬೀಳದಂತೆ ದಿಂಬು ಇಟ್ಟಳು. ಹಾಳೆ ಹರಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಹರಿಯಲಿಲ್ಲ, ತನ್ನ ಸಹಿಯ ಮೇಲೆ ಗೀಟೆಳೆದು ಬರೆದಳು: "ನಾಲ್ಕಕ್ಕೆ ತಿರುಗಿಸಿಲ್ಲ. ಐದಕ್ಕೆ ತಿರುಗಿಸಿದೆ. ತಪ್ಪು ನನ್ನದು."

ಮರುದಿನ ಆತ ಬರಲಿಲ್ಲ. ಬದಲಿಗೆ ಬೆಳ್ಳಿಗೂದಲಿನ ಹಿರಿಯ ಅಧಿಕಾರಿಣಿಯೊಬ್ಬರು ಬಂದರು. ಕೋಪವಿದ್ದ ಜಾಗದಲ್ಲಿ ದಾದಿಗೆ ಏನೋ ಖಾಲಿ ಖಾಲಿ ಎನಿಸಿತು. ಅಧಿಕಾರಿಣಿ ಎಲ್ಲ ಹಾಳೆಗಳನ್ನೂ ಓದಿ, ಮೂರನೆಯದರ ಮುಂದೆ ಬಹಳ ಹೊತ್ತು ನಿಂತರು.

"ಇದನ್ನ ಬರೆದಿದ್ದರಿಂದ ವಾರ್ಡ್ ಉಳೀತು, ಸಿಸ್ಟರ್. ತಪ್ಪು ಒಪ್ಪಿಕೊಳ್ಳೋ ಜಾಗದಲ್ಲಿ ತಪ್ಪು ತಿದ್ದಬಹುದು. ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ನೋಡ್ತೀವಿ."

ದಾದಿ ಮಂಚದ ಕಂಬಿ ಹಿಡಿದುಕೊಂಡಳು. "ಆ ಸರ್... ಯಾಕೆ ಬರಲಿಲ್ಲ?"

"ಅದನ್ನ ನೀವೇ ಓದಿ." ಅಧಿಕಾರಿಣಿ ತಪಾಸಣಾ ಪತ್ರದ ಕೊನೆಯ ಪುಟ ಮುಂದಿಟ್ಟರು. "ಹನ್ನೊಂದು ವರ್ಷದಿಂದ ಈ ಪ್ರಶ್ನೆಗೆ ಬರೀ 'ಇಲ್ಲ' ಅಂತ ಬರೀತಿದ್ದ ಪುಣ್ಯಾತ್ಮ."

ಸಂಸ್ಥೆಯವರೊಡನೆ ತಪಾಸಕರಿಗೆ ಸಂಬಂಧವಿದೆಯೇ ಎಂಬ ಅಚ್ಚಿನ ಪ್ರಶ್ನೆಯ ಮುಂದೆ ದುಂಡಗಿನ ಅಕ್ಷರಗಳಿದ್ದವು: "ಸದ್ಯಕ್ಕೆ ಇಲ್ಲ. ಹಿರಿಯ ದಾದಿಯವರು ಒಪ್ಪಿದರೆ ಆಗಲಿ ಎಂಬ ಆಸೆಯಿದೆ. ಅವರಿಗೆ ಸೊನ್ನೆ ಹಾಕುವಾಗ ನನ್ನ ಕೈ ನಡುಗಿತು. ನಡುಗುವ ಕೈ ಅಂಕ ಹಾಕಬಾರದು. ದಯವಿಟ್ಟು ಬೇರೆಯವರನ್ನು ಕಳುಹಿಸಿ."

ಅವಳು ಎರಡು ಬಾರಿ ಓದಿದಳು. ಕೆಳಗೆ ಸಂಸ್ಥೆಯ ಅಭಿಪ್ರಾಯಕ್ಕೆಂದು ಒಂದಿಷ್ಟು ಜಾಗವಿತ್ತು.

"ಏನಾದ್ರೂ ಬರೀಬೇಕಮ್ಮ, ಖಾಲಿ ಬಿಡೋ ಹಾಗಿಲ್ಲ," ಎಂದು ಅಧಿಕಾರಿಣಿ ಗಂಭೀರವಾಗಿ ಕಿಟಕಿಯತ್ತ ತಿರುಗಿದರು.

"ಬರಿಯೇ, ಹುಡುಗೀ!" ಟೀಚರಮ್ಮನಿಗೆ ತಾಳ್ಮೆ ಕೆಟ್ಟಿತ್ತು.

ದಾದಿ ಬರೆದಳು: "ಇದು ಕಾಗದದಲ್ಲಿ ಹೇಳುವ ಮಾತಲ್ಲ. ನನ್ನ ಪಾಳಿ ಆರಕ್ಕೆ ಮುಗಿಯುತ್ತದೆ."

ಆರಕ್ಕೆ ಅವಳು ಹೊರಬಂದಾಗ, ಅಧಿಕಾರಿಣಿಯಿಂದ ಸುದ್ದಿ ತಿಳಿದಿದ್ದ ಆತ ಗೇಟಿನಾಚೆ ನಿಂತಿದ್ದನು. ಕೈಯಲ್ಲಿ ಕಡತವಿಲ್ಲದೆ ಕೈಗಳನ್ನು ಎಲ್ಲಿಡುವುದೆಂದೇ ತಿಳಿಯದವನಂತೆ.

"ಕೋಪ ಹೋಯ್ತಾ?" ಎಂದು ಕೇಳಿದನು.

"ಎಲ್ಲಿ ಹೋಗತ್ತೆ ಅಷ್ಟು ಬೇಗ?" ಅವಳು ಅವನ ಪಕ್ಕಕ್ಕೆ ಬಂದು ನಿಂತಳು. "ಪೂರ್ತಿ ಹೋಗೋಕೆ ಎಷ್ಟು ದೂರ ನಡೀಬೇಕೋ, ನೋಡೋಣ ಬನ್ನಿ."

ಬಸ್ ನಿಲ್ದಾಣ ಎಡಕ್ಕಿತ್ತು. ಇಬ್ಬರೂ ಬಲಕ್ಕೆ ತಿರುಗಿದರು.