ಅಂಕ ನಿಂತ ಜಾಗ

"ಯಾರೋ ನನ್ನ ಮುಳುಗಿಸ್ಯಾರ್ರಿ, ಸಿದ್ದಣ್ಣಾ!"

ಕಾಜಲಳ ಕೂಗಿಗೆ ನನ್ನ ಕೈಯ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಉಟಗಿಯ ಎಸ್.ಟಿ. ಬಸ್ ನಿಲ್ದಾಣದ ಎದುರು ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ನಾಲ್ಕು ದಿನ ನನ್ನಲ್ಲಿದ್ದ ಅವಳ ಫೋನಿಗೆ ಹೊಸ ಗಾಜು ಹಾಕಿ ಆಗಷ್ಟೇ ಕೊಟ್ಟಿದ್ದೆ. ಅವಳು ಮೊದಲು ತೆರೆದದ್ದು ತನ್ನ ಆಟವನ್ನು. ಇಬ್ಬಿಬ್ಬರ ತಂಡ ಕಟ್ಟಿ ಗುಂಡು ಹಾರಿಸುವ ಆಟ ಅದು; ಪಾಸ್‌ವರ್ಡ್ ಗೊತ್ತಿದ್ದರೆ ಯಾವ ಫೋನಿನಿಂದಲೂ ಆಡಬಹುದು. ಸೋಮವಾರ ಎರಡು ಸಾವಿರದ ನಾನೂರು ಇದ್ದ ಅವಳ ಅಂಕ ಈಗ ಸಾವಿರದ ನೂರ ನಲವತ್ತು!

ಪುಣೆಯ ತಂಡದ ಆಯ್ಕೆಗೆ ಎರಡು ಸಾವಿರದ ಮುನ್ನೂರು ಬೇಕು; ತಾಲೂಕಿನಿಂದ ಹೋಗುವುದು ಎಲ್ಲರಿಗಿಂತ ಹೆಚ್ಚು ಅಂಕದ ಒಬ್ಬರೇ. ಪಟ್ಟಿ ಮುಚ್ಚುವುದು ಮರುದಿನ ಮಧ್ಯಾಹ್ನ. ಹಗಲೆಲ್ಲ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿ, ಉಳಿದ ಹೊತ್ತಿನಲ್ಲಿ ಎರಡು ವರ್ಷ ಆಡಿ ಏರಿಸಿದ ಅಂಕ. ಹುಡುಗಿ ನೆಲದ ಮೇಲೆ ಕುಸಿದು ಕೂತಳು. ಜೊತೆಗೆ ಬಂದಿದ್ದ ಅವಳ ಅಣ್ಣ ಧನಾಜಿ ಬಾಗಿಲಿಗೆ ಒರಗಿ ನಿಂತಿದ್ದ. ಅವಳಿಗೆ ಈ ಆಟ ಕಲಿಸಿದವನೇ ಅವನು. ಎರಡು ವರ್ಷದ ಹಿಂದೆ ಮೇವು ಕತ್ತರಿಸುವ ಯಂತ್ರ ಅವನ ಬಲಗೈಯ ಹೆಬ್ಬೆರಳು ತಿಂದುಹಾಕಿತ್ತು.

"ಪಾಸ್‌ವರ್ಡ್ ಯಾರ‍್ಯಾರಿಗೆ ಗೊತ್ತಿತ್ತವಾ?"

ಕೇಳಿದವರು ಬಸ್ಸಿಗೆ ಕಾಯುತ್ತ ನನ್ನ ಬೆಂಚಿನ ಮೇಲೆ ಕೂತಿದ್ದ ಮಲಕಾಜಪ್ಪನವರು. ತಾಲೂಕಿನ ಕುಸ್ತಿ ಕಣಗಳಲ್ಲಿ ನಲವತ್ತು ವರ್ಷ ಪೈಲ್ವಾನರ ಜೋಡಿ ಹಚ್ಚಿದವರು. ಯಾರಿಗೆ ಯಾರು ಸಮ ಎಂದು ಭುಜ ಮುಟ್ಟಿ ಹೇಳುತ್ತಿದ್ದರು. ಕುರಿ ಕಳುವಾದರೂ ಊರವರು ಮೊದಲು ಕೇಳುವುದು ಅವರನ್ನೇ.

"ಮೂರು ಮಂದಿಗ್ರಿ. ಈ ಸಿದ್ದಣ್ಣಗ, ನನ್ನ ಜೋಡಿ ಆಡೋ ಬೆಳುಂಕಿ ಊರಿನ ಯೋಗಿತಾಗ, ನಮ್ಮ ಅಣ್ಣಗ."

ನನ್ನ ಹೆಸರೇ ಮೊದಲು! ಸಿಟ್ಟು ನೆತ್ತಿಗೇರಿತು. ಖಾತೆ ತೆರೆದುಕೊಟ್ಟದ್ದೇ ತಪ್ಪಾಯಿತೇ?

ಫೋನ್ ಮಾಡಿದ ಒಂದು ತಾಸಿಗೆ ಯೋಗಿತಾ ಜೀಪಿನಿಂದ ಇಳಿದಳು.

"ಕಾಜಲ ಹೋಗಲಿಲ್ಲಂದ್ರ ಪುಣೆಕ್ಕ ಯಾರು ಹೋಗ್ತಾರ?" ಮಲಕಾಜಪ್ಪ ಕೇಳಿದರು.

"ನಾನ ಹೋಗ್ತೀನ್ರಿ. ಹಂಗಂತ ನಾ ಮಾಡೀನೇನು?"

"ಆಕಿಗಿ ಏನೂ ಅನಬ್ಯಾಡ್ರಿ," ಎಂದ ಧನಾಜಿ. ಅವನು ಬಾಯಿ ಬಿಟ್ಟದ್ದು ಅದೇ ಮೊದಲು.

ಮುದುಕರು ಅವನತ್ತ ಒಮ್ಮೆ ನೋಡಿ ನನ್ನ ಕಡೆ ತಿರುಗಿದರು.

"ಈ ಆಟದಾಗ ಯಾರ ಮುಂದ ಯಾರನ್ನ ನಿಲ್ಲಸಬೇಕಂತ ಯಾರು ಹೇಳ್ತಾರೋ?"

"ಆಟನ ಹೇಳ್ತದ್ರಿ. ಗೆದ್ರ ಅಂಕ ಏರ‍್ತದ, ಸೋತ್ರ ಇಳೀತದ. ಇಳಿದಂಗ ಇಳಿದಂಗ ಹಗರ ಮಂದೀನ ಮುಂದ ತರ‍್ತದ. ಸಮಾ ಆಗೂತನಕ."

"ನನ್ನ ಕೆಲಸಾನ ಮಾಡ್ತದನ್ನು! ನಾಕು ದಿನ ಆಡಿದ್ದು ಓದು."

ಎಪ್ಪತ್ತು ಆಟ. ಸೋಲು, ಸೋಲು, ಸೋಲು — ಓದಿ ಓದಿ ನನ್ನ ಬಾಯಿ ಒಣಗಿತು. ನಡುವೆ ಎಲ್ಲೋ ಒಂದು ಗೆಲುವು. ಕೊನೆಗೆ — ಗೆಲುವು, ಸೋಲು, ಗೆಲುವು, ಸೋಲು, ಸೋಲು, ಗೆಲುವು —

"ತಡಿ! ಅಲ್ಲಿ ಅಂಕ ಎಷ್ಟು?"

"ಸಾವಿರದ ನೂರಾ ಐವತ್ತರ ಆಜೂಬಾಜೂ. ಕಡೀ ಹತ್ತರಾಗ ಐದು ಗೆದ್ದಾರ್ರಿ."

ಮಲಕಾಜಪ್ಪ ಬೆಂಚಿನಿಂದ ಎದ್ದು ಮೇಜಿನ ಹತ್ತಿರ ಬಂದರು. ಆಮೇಲೆ, "ಎಲ್ಲಾರೂ ನಿಮ್ಮ ನಿಮ್ಮ ಅಂಕ ತೋರಸ್ರಿ," ಎಂದರು.

ಯೋಗಿತಾಳದು ಎರಡು ಸಾವಿರದ ಮುನ್ನೂರ ನಲವತ್ತು. ನನ್ನದು ಆರುನೂರು — ನಾಚಿಕೆಯಾದರೂ ತೋರಿಸಿದೆ.

"ಧನಾಜಿ, ನಿಂದು?"

"ಅಂವಂದ್ಯಾಕ್ರಿ? ಕೈ ಹೋದ ಮ್ಯಾಲ ಅಂವ ಆಡೂದ ಬಿಟ್ಟಾನ," ಎಂದಳು ಕಾಜಲ.

ಧನಾಜಿ ಎಡಗೈಯಿಂದ ಫೋನ್ ತೆಗೆದು ಮೇಜಿನ ಮೇಲಿಟ್ಟ.

ಸಾವಿರದ ನೂರ ನಲವತ್ತೈದು.

"ನಾವೆಲ್ಲಾ ಸೋಲ ಎಣಿಸಿದ್ವಿ. ಗೆಲುವು ನೋಡಲಿಲ್ಲ," ಮಲಕಾಜಪ್ಪನವರ ದನಿ ತಗ್ಗಿತ್ತು. "ಬೇಕಂತ ಬೀಳಾಂವ ನಡುವ ನಿಲ್ಲೂದಿಲ್ಲ, ತಳಾ ಮುಟ್ಟತಾನ. ಇಂವ ನಿಂತಾನ. ಖರೇನ ಆಡ್ಯಾನ, ಸೋತಾನ, ತನ್ನ ಸಮಾ ಸಿಕ್ಕಲ್ಲಿ ನಿಂತಾನ. ಯೋಗಿತಾ ಖರೇ ಆಡಿದ್ರ ಇಷ್ಟು ಇಳೀತಿದ್ದಿಲ್ಲ. ಈ ಸಿದ್ದಣ್ಣ ಆಡಿದ್ರ ಆರುನೂರಕ್ಕ ಹೋಗ್ತಿತ್ತು. ಆಟನ ಜೋಡಿ ಹಚ್ಚಿ ಹೇಳೇದ. ಧನಾಜಿ, ಆಡಿದಾಂವ ನೀನ."

"ಹೌದ್ರಿ. ನಾನ."

ಕಾಜಲ ಎದ್ದು ನಿಂತಳು. "ಯಾಕೋ ಅಣ್ಣಾ?"

"ನಾಕು ಬಟ್ಟಿನಿಂದ ಕದ್ದು ಕಲ್ತಿದ್ದೆ. ಆದ್ರ ಏರವಲ್ದು. ಕೆಳಗಿನ ಕಚ್ಚಾ ಮಂದಿ ಜೋಡಿ ಸಿಕ್ಕೊಂಡೀನಿ, ಅದಕ್ಕ ಏರವಲ್ದು, ಚಲೋ ಮಂದಿ ಜೋಡಿ ಹಾಕಿದ್ರ ಮೊದಲಿನಂಗ ಆಡ್ತೀನಿ ಅಂತ ತಿಳಕೊಂಡಿದ್ದೆ. ನಿನ್ನ ಅಂಕದಾಗ ಒಂದ ಆಟ ಅಂತ ಕುಂತೆ. ಸೋತೆ. ಹೋದದ್ದು ತಿರುಗಿ ಇಡಬೇಕಂತ ಆಡಿದೆ. ಇಡಾಕ ಹೋದಂಗ ಇನ್ನೂ ಹೋತು…"

"ನನ್ನ ಒಂದು ಮಾತು ಕೇಳಬಾರದೇನೋ?"

"ಕೇಳಿದ್ರ ನೀನ ಬಾಜೂಕ ಕುಂತು ಗೆಲ್ಲಸ್ತಿದ್ದಿ. ನನ್ನದೆಷ್ಟು ಅನ್ನೂದು ನನಗ ಗೊತ್ತಾಗಬೇಕಿತ್ತು." ಅವನು ಆ ಎರಡು ಅಂಕಗಳನ್ನೇ ನೋಡುತ್ತಿದ್ದ. "ಗೊತ್ತಾತು."

ಯೋಗಿತಾ ಬಿಕ್ಕಿದಳು. ಪುಣೆ ಅವಳ ಪಾಲಾಗಿತ್ತು, ಸಂತೋಷಪಡಲು ಆ ಹುಡುಗಿಗೂ ಆಗಲಿಲ್ಲ. "ಈ ಜೋಡಿ ನಾ ಹಚ್ಚಬಾರದಿತ್ತು," ಎಂದರು ಮಲಕಾಜಪ್ಪ. ಅವರ ಬಸ್ಸು ಬಂದು ಹೋಯಿತು. ಅವರು ಹತ್ತಲಿಲ್ಲ.

ಕಾಜಲ ಕಣ್ಣೊರೆಸಿಕೊಂಡು ಫೋನ್ ಎತ್ತಿಕೊಂಡಳು. ಅಣ್ಣ ಮತ್ತೆ ಆಡಲಿ ಎಂಬ ಆಸೆಯಿಂದ ಈ ವರ್ಷ ಅವನನ್ನು ತನ್ನ ತಂಡಕ್ಕೆ ಕರೆದಾಗಲೆಲ್ಲ ಆಟ ಒಂದೇ ಮಾತು ಹೇಳುತ್ತಿತ್ತು — ಅಂಕಗಳ ಅಂತರ ಮುನ್ನೂರಕ್ಕಿಂತ ಹೆಚ್ಚಿದೆ, ಜೊತೆಗೆ ಆಡಲಾಗದು. ಈಗ ಕರೆದಳು. ಧನಾಜಿಯ ಫೋನ್ ಗುಂಯ್‌ಗುಟ್ಟಿತು.

ಅವನು ಒತ್ತಲಿಲ್ಲ.

"ಬ್ಯಾಡವಾ. ನನ್ನ ಜೋಡಿ ಕುಂತ್ರ ಅದು ನಿನ್ನ ಇಲ್ಲೇ ಕುಂಡ್ರಸ್ತದ. ನೀ ಏರು."

ಅವಳು ಒಬ್ಬಳೇ ಆಡಿದಳು. ಅಳುತ್ತಲೇ ಆಡಿದಳು. ಜೊತೆಗೆ ಸಿಕ್ಕವರು ಯಾರೋ ಗುರುತಿಲ್ಲದವರು. ಗೆದ್ದಳು. ಮತ್ತೆ ಗೆದ್ದಳು. ಮರುದಿನದ ಪಟ್ಟಿಗೆ ಮುಟ್ಟುವಂತಿರಲಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಸಂಜೆಯ ಎಸ್.ಟಿ. ಬಸ್ಸು ಬರುವ ಹೊತ್ತಿಗೆ ಅವಳು ಹನ್ನೆರಡು ಆಟ ಗೆದ್ದಿದ್ದಳು. ಧನಾಜಿ ತನ್ನ ಫೋನಿನಲ್ಲಿ ತಂಗಿಯ ಹೆಸರು ಒತ್ತಿ ನೋಡಿದ. ಅಂತರ ಹೆಚ್ಚಿದೆ, ಜೊತೆಗೆ ಆಡಲಾಗದು.

"ಚಲೋ ಆತು," ಎಂದು ಫೋನ್ ಜೇಬಿಗಿಟ್ಟುಕೊಂಡ.